ಯೂರಿಯಾ ಗದ್ದೆಗೆ ಸೇರಲಿ, ಕಡಲಿಗಲ್ಲ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದರೆ ಜನ ಮೊಬೈಲ್ ಹಿಡಿದು ಓಡುತ್ತಾರೆ. ನೋಡಲು ಚೆಂದ, ನಿಜ. ಆದರೆ ಆ ಬೆಳಕು ನಾಕ್ಟಿಲುಕಾ ಎಂಬ ಸಣ್ಣ ಜೀವಿಯದ್ದು. ಅದು ರಾಶಿಗಟ್ಟಲೆ ಹೆಚ್ಚಿ, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ದೂರ ಹೋದೀತು, ಕೆಸರಲ್ಲಿ ಕೂತ ಮರುವಾಯಿ (ಚಿಪ್ಪುಜೀವಿ) ಎಲ್ಲಿಗೆ ಹೋಗಬೇಕು? ನೀರಿಗೆ ಸಾರ, ಅಂದರೆ ಸಾರಜನಕದಂಥ ಪೋಷಕಾಂಶ, ಜಾಸ್ತಿಯಾದಷ್ಟೂ ಇಂಥ ಜೀವಿಗಳು ಹೆಚ್ಚುತ್ತವೆ. ಮಳೆಗಾಲದಲ್ಲಿ ಕಡಲಿನ ಆಳದ ನೀರೇ ಸಾರ ಹೊತ್ತು ಮೇಲೆ ಬರುತ್ತದೆ, ಊರಿನ ಕೊಳಚೆಯೂ ಸೇರುತ್ತದೆ. ಜೊತೆಗೆ ನಮ್ಮ ಗದ್ದೆ ತೋಟಗಳ ಗೊಬ್ಬರ. ನಾನು ಕೃಷಿಕ, ನಮ್ಮ ಪಾಲಿನ ಬಗ್ಗೆ ಮಾತ್ರ ಬರೆಯುತ್ತೇನೆ.

ನಮ್ಮದು ಸೀತಾನದಿಯ ಬದಿಯ ಗದ್ದೆ. ಬದುವಿನ ಕಂಡಿಯಿಂದ ಬಿದ್ದ ನೀರು ತೋಡಿಗೆ, ತೋಡಿನಿಂದ ಹೊಳೆಗೆ, ಕೋಡಿ ಬೆಂಗ್ರೆ ಹತ್ತಿರ ಕಡಲಿಗೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ.ಗೂ ಜಾಸ್ತಿ ಮಳೆ. ಬೆಳಿಗ್ಗೆ ಯೂರಿಯಾ ಎರಚಿ ಮಧ್ಯಾಹ್ನ ಜಡಿಮಳೆ ಹಿಡಿದರೆ ಕಂಡಿ ಉಕ್ಕುತ್ತದೆ, ಕರಗಿದ ಗೊಬ್ಬರವೂ ಅದರ ಜೊತೆ ಹೊರಟಿತು. 45 ಕೆ.ಜಿ. ಚೀಲದಲ್ಲಿ ಸಾರಜನಕ ಇರುವುದು 20 ಕೆ.ಜಿ. ಚಿಲ್ಲರೆ. ಭತ್ತಕ್ಕೆ ದಕ್ಕುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಗಾಳಿಗೆ, ನೀರಿಗೆ.

ಮಳೆ ಬಿಡುವು ನೋಡಿ, ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂದು ರೈತರಿಗೆ ಗೊತ್ತಿಲ್ಲವೇ? ಗೊತ್ತಿದೆ. ಹಸಿರಿನ ಬೇರೆ ಬೇರೆ ಛಾಯೆ ತೋರಿಸುವ ಎಲೆ ಬಣ್ಣದ ಪಟ್ಟಿಯೂ ಇದೆ. ಭತ್ತದ ಎಲೆಯನ್ನು ಮೈ ನೆರಳಿನಲ್ಲಿ ಪಟ್ಟಿಗೆ ತಾಗಿಸಿ ಹಿಡಿದರೆ, ಹಸಿರು ಮಾಸಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮಾಸದಿದ್ದರೆ ಯೂರಿಯಾ ಬೇಡ. ತೊಡಕಿರುವುದು ಬೇರೆ ಕಡೆ. ಸೊಸೈಟಿಗೆ ಲೋಡು ಬಂದದ್ದೇ ತಡ, ಮುಂದೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಎಲ್ಲರೂ ಸಾಲು ನಿಲ್ಲುತ್ತೇವೆ. ಮನೆಗೆ ತಂದ ಚೀಲ ಒಮ್ಮೆ ಬಿಚ್ಚಿದರೆ ಮಳೆಗಾಲದ ಥಂಡಿಗೆ ನೀರೊಡೆದು ಗಟ್ಟಿಯಾಗುತ್ತದೆ. ಹಾಳಾಗುವ ಬದಲು ಗದ್ದೆಗಾದರೂ ಹೋಗಲಿ ಎಂದು ಒಂದೇ ಸಲ ಎರಚುತ್ತಾರೆ. 270 ರೂಪಾಯಿಯೊಳಗೆ ಸಿಗುವ ಚೀಲ, ಕೈ ಹಿಡಿತ ಹೇಗೆ ಬರಬೇಕು?

ಡೆನ್ಮಾರ್ಕಿನಲ್ಲಿ 1986ರಲ್ಲಿ ಮೀನುಗಾರರ ಬಲೆಯಲ್ಲಿ ಆಮ್ಲಜನಕ ಸಾಲದೆ ಸತ್ತ ಲಾಬ್‌ಸ್ಟರ್‌ಗಳು (ದೊಡ್ಡ ಸಿಗಡಿಯಂಥ ಜೀವಿ) ಬಂದಾಗ ದೇಶವೇ ಎಚ್ಚೆತ್ತಿತು. ಮರುವರ್ಷವೇ ನೀರಿಗೆ ಸೇರುವ ಸಾರಜನಕವನ್ನು ಅರ್ಧ ಇಳಿಸುವ ಯೋಜನೆ ಮಾಡಿದರು. ಹಟ್ಟಿಗೊಬ್ಬರ ಕೂಡಿಡಲು ತೊಟ್ಟಿ ಕಡ್ಡಾಯವಾಯಿತು, ಬೆಳೆ ಹೀರದ ಕಾಲದಲ್ಲಿ ಹರಡುವುದಕ್ಕೆ ತಡೆ ಬಂತು. ವರ್ಷಗಳು ಹಿಡಿದರೂ ಕಡಲು ಸೇರುವ ಸಾರಜನಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ನಮಗೆ ಅಷ್ಟು ದೊಡ್ಡ ಕಾನೂನು ಸದ್ಯಕ್ಕೆ ಬೇಡ. ನಾಟಿಯ ಹೊತ್ತಿಗೆ ಒಂದು ಕಂತು, ತೆಂಡೆ ಒಡೆಯುವಾಗ ಒಂದು, ತೆನೆ ಕಟ್ಟುವ ಮುಂಚೆ ಒಂದು, ಹೀಗೆ ರೈತನ ಪಾಲನ್ನು ಸಣ್ಣ ಚೀಲಗಳಲ್ಲಿ ಖಾತ್ರಿಯಾಗಿ ಕೊಡಲಿ. ಮಂಗಳವಾರ, ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನು ಸೊಸೈಟಿ ಬಾಗಿಲಿಗೆ ಅಂಟಿಸಲಿ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ಜೊತೆಗೇ ಎಲೆ ಬಣ್ಣದ ಪಟ್ಟಿ ಕೊಡಲಿ. ಮುಂದಿನ ಮುಂಗಾರಿಗೆ ಮೊದಲೇ ಕೃಷಿ ಇಲಾಖೆ ಇಷ್ಟು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಭತ್ತದ ಕೃಷಿಕ, ಬ್ರಹ್ಮಾವರ