ಮಗಳಿಗೊಂದು ಪತ್ರ: ಮೊದಲು ಪವರ್ ಸಪ್ಲೈ

ಪ್ರೀತಿಯ ಮಗಳೇ,

ಎಲೆಕ್ಟ್ರೋಸ್ಟಾಟಿಕ್ ಹೆಡ್‌ಫೋನಿಗೆ ಆಂಪ್ಲಿಫೈಯರ್ ನಾನೇ ಕಟ್ಟುತ್ತೇನೆ ಅಂತ ನೀನು ಬರೆದಿದ್ದು ಓದಿ ತುಂಬಾ ಖುಷಿಯಾಯಿತು. ಹಿಂದೆಯೇ ಭಯವೂ ಬಂತು. ಹಾಗಂತ ಬೇಡ ಅನ್ನುತ್ತೇನೆ ಅಂದುಕೊಳ್ಳಬೇಡ. ಕಟ್ಟು, ಖಂಡಿತ ಕಟ್ಟು. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಆಂಪ್ ಬೋರ್ಡಿನ ಒಂದೊಂದು ಟ್ರಾನ್ಸಿಸ್ಟರೂ ಇದೆ, ಗೋಡೆಯ ಕರೆಂಟನ್ನು ಆಂಪಿಗೆ ಬೇಕಾದ ವೋಲ್ಟೇಜಿಗೆ ಬದಲಿಸಿ ಕೊಡುವ ಪವರ್ ಸಪ್ಲೈ ಮುಂದೆ ಮಾತ್ರ "ಆಮೇಲೆ ನೋಡೋಣ" ಅಂತಿದೆ. ಅದನ್ನೇ ಮೊದಲು ಕಟ್ಟಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ಮಾಮೂಲಿ ಹೆಡ್‌ಫೋನಿನಲ್ಲಿ ತಂತಿಯ ಸುರುಳಿ, ಅಯಸ್ಕಾಂತ ಇರುತ್ತವೆ. ಅದಕ್ಕೆ ಕೆಲವು ವೋಲ್ಟ್ ಸಾಕು. ಇದರಲ್ಲಿ ಎರಡೂ ಇಲ್ಲ. ಎರಡು ಜರಡಿಗಳ ನಡುವೆ ಬಿಗಿದು ಕಟ್ಟಿದ ಹಾಳೆಯ ಹಾಗೆ, ತೂತು ಕೊರೆದ ಎರಡು ಲೋಹದ ತಟ್ಟೆಗಳ ಮಧ್ಯೆ ಬರೀ ಕೆಲವು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಪೊರೆಗೆ ಸ್ಥಿರವಾದ ಬಯಾಸ್ ವೋಲ್ಟೇಜ್ ಕೊಡುತ್ತೇವೆ. ತಟ್ಟೆಗಳಿಗೆ ಹಾಡಿನ ಸಿಗ್ನಲ್ಲನ್ನು ನೂರಾರು ವೋಲ್ಟಿಗೆ ಏರಿಸಿ, ಒಂದಕ್ಕೆ ನೇರವಾಗಿ, ಇನ್ನೊಂದಕ್ಕೆ ತಿರುಗುಮುರುಗಾಗಿ ಕೊಡುತ್ತೇವೆ. ಒಂದು ತಟ್ಟೆ ಪೊರೆಯನ್ನು ಎಳೆಯುವಾಗ ಇನ್ನೊಂದು ತಳ್ಳುತ್ತದೆ. ಅಷ್ಟು ಹಗುರವಾದದ್ದು ಮೈತುಂಬ ಒಂದೇ ಸಮ ಅಲ್ಲಾಡುವುದರಿಂದಲೇ ಆ ಸ್ವಚ್ಛವಾದ ದನಿ. ಜಪಾನಿನ ಸ್ಟಾಕ್ಸ್ ಕಂಪನಿ 1960ರಲ್ಲೇ ಎಸ್‌ಆರ್-1 ಅನ್ನುವ ಇಂಥ ಹೆಡ್‌ಫೋನ್ ಮಾರಾಟಕ್ಕೆ ತಂದಿತ್ತು. ಅವರ ಹಳೆಯ ಮಾದರಿಗಳಿಗೆ 230 ವೋಲ್ಟ್ ಬಯಾಸ್, 6 ಪಿನ್ ಪ್ಲಗ್. ಆಮೇಲೆ ಬಂದ ಪ್ರೊ ಮಾದರಿಗಳಿಗೆ 580 ವೋಲ್ಟ್, 5 ಪಿನ್. ನಿನ್ನ ಹತ್ತಿರ ಇರುವುದು 5 ಪಿನ್ನಿನದು ಅಲ್ವಾ? ಹಾಗಾದರೆ ನೀನು ಕಟ್ಟುವುದು 580 ವೋಲ್ಟಿನದು.

ಈಗ ಒಂದು ಲೆಕ್ಕ ಮಾಡೋಣ. ಈ ಹೆಡ್‌ಫೋನ್ ಸುಮಾರು 100 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಬಿಡಿಭಾಗ, ಇದ್ದ ಹಾಗೆ. ಅದರ ಮೇಲೆ 20 ಕಿಲೋಹರ್ಟ್ಸ್‌ನಲ್ಲಿ 400 ವೋಲ್ಟ್ ಆಡಿಸಲು ಬೇಕಾಗುವುದು 5 ಮಿಲಿಆಂಪ್ ಮಾತ್ರ. 1 ಕಿಲೋಹರ್ಟ್ಸ್‌ಗೆ ಅದರ ಇಪ್ಪತ್ತನೇ ಒಂದು ಪಾಲು. ಕೇಬಲ್ಲಿಗೂ ತನ್ನದೇ ಕೆಪಾಸಿಟೆನ್ಸ್ ಇದೆ, ಅದನ್ನೂ ಸೇರಿಸಿಕೋ. "ಇಷ್ಟು ಕಮ್ಮಿ ಕರೆಂಟು, ಏನಾಗುತ್ತದೆ?" ಅಂತ ಅನ್ನಿಸಬಹುದು. ಹಾಗೆ ಅನ್ನಿಸುವುದೇ ಅಪಾಯ. ಹೆಡ್‌ಫೋನಿಗೆ ಬೇಕಾದ ಕರೆಂಟು ಕಮ್ಮಿ ನಿಜ, ಆದರೆ ಪವರ್ ಸಪ್ಲೈ ಕೊಡಬಲ್ಲ ಕರೆಂಟು ಕಮ್ಮಿಯಲ್ಲ.

ಅದು ಎಷ್ಟು ಅಂತ ನೋಡು. ಸಪ್ಲೈಯಿಂದ ಪ್ಲಸ್ 400, ಮೈನಸ್ 400 ವೋಲ್ಟಿನ ಎರಡು ಸಾಲು (ರೈಲ್) ಬೇಕು ಅಂದುಕೋ. ಒಂದರಿಂದ ಇನ್ನೊಂದಕ್ಕೆ 800 ವೋಲ್ಟ್. ಪ್ರತಿ ಔಟ್‌ಪುಟ್ ಹಂತದಲ್ಲೂ 15 ಮಿಲಿಆಂಪ್ ಸದಾ ಹರಿಯುತ್ತಿದ್ದರೆ ಒಂದೊಂದು ಹಂತ 12 ವ್ಯಾಟ್ ತಿನ್ನುತ್ತದೆ. ಎರಡು ಕಿವಿ, ಕಿವಿಗೆ ಎರಡು ತಟ್ಟೆ, ಒಟ್ಟು ನಾಲ್ಕು ಹಂತ, 48 ವ್ಯಾಟ್. ಹಾಡು ಇಲ್ಲದಿದ್ದರೂ ಅಷ್ಟೂ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಚಿಕ್ಕದಾದರೂ ನಡೆಯುತ್ತದೆ ಅಂತ ಬರೆದಿದ್ದೀಯಲ್ಲ, ನಡೆಯುವುದಿಲ್ಲ. ದೊಡ್ಡದನ್ನೇ ತೆಗೆದುಕೋ. ಟ್ರಾನ್ಸಿಸ್ಟರ್ ಕೆಳಗಿನ ಇನ್ಸುಲೇಟರ್ ಹಾಳೆಗಳನ್ನೂ ಎಷ್ಟು ವೋಲ್ಟ್ ತಡೆಯುತ್ತವೆ ಅಂತ ನೋಡಿಯೇ ಆರಿಸು. ಆ ಹಾಳೆಯ ಒಂದು ಕಡೆ 400 ವೋಲ್ಟ್, ಇನ್ನೊಂದು ಕಡೆ ನೀನು ಕೈಯಿಂದ ಮುಟ್ಟುವ ಲೋಹ.

ಟ್ರಾನ್ಸ್‌ಫಾರ್ಮರ್ ವಿಷಯ. ಅದರ ಸೆಕೆಂಡರಿ, ಅಂದರೆ ಔಟ್‌ಪುಟ್ ಸುರುಳಿ, ಕೊಡುವ 330 ವೋಲ್ಟ್ ಎಸಿ ಡಯೋಡ್ ದಾಟಿ ಕೆಪಾಸಿಟರಿಗೆ ಬಂದಾಗ ಅದರ 1.414 ಪಟ್ಟಾಗುತ್ತದೆ. ಅಂದರೆ ಸುಮಾರು 467 ವೋಲ್ಟ್. ರೆಗ್ಯುಲೇಟರ್ ಇದನ್ನು 400ಕ್ಕೆ ಇಳಿಸಿ ಅಲ್ಲೇ ಹಿಡಿದಿಡುತ್ತದೆ. ಆದರೆ ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಶೇಕಡಾ 10ರಷ್ಟು ಏರಿದರೆ 467 ಇದ್ದದ್ದು 513 ಆಗುತ್ತದೆ. ನಿನ್ನ ಡಬ್ಬಿಯಲ್ಲಿರುವ 450 ವೋಲ್ಟಿನ ಕೆಪಾಸಿಟರ್‌ಗಳು ಅಲ್ಲಿಗೆ ಬೇಡವೇ ಬೇಡ. 550 ವೋಲ್ಟಿನವು ಸಿಕ್ಕರೆ ಅವನ್ನೇ ಹಾಕು. ಸಿಗದಿದ್ದರೆ 350 ವೋಲ್ಟಿನ ಎರಡನ್ನು ಸರಣಿಯಲ್ಲಿ ಸೇರಿಸಿ, ಒಂದೊಂದಕ್ಕೂ ಸಮನಾದ ರೆಸಿಸ್ಟರನ್ನು ಅಡ್ಡಲಾಗಿ ಹಾಕು. ಇಲ್ಲದಿದ್ದರೆ ವೋಲ್ಟೇಜ್ ಅವೆರಡರ ನಡುವೆ ಸರಿಯಾಗಿ ಹಂಚಿಹೋಗುವುದಿಲ್ಲ.

ಇನ್ನು ನನಗೆ ನಿದ್ದೆ ಬಾರದಂತೆ ಮಾಡುವ ಮಾತು. ಸ್ವಿಚ್ ಆರಿಸಿದರೆ ಈ ಪೆಟ್ಟಿಗೆ ಆರುವುದಿಲ್ಲ. 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 450 ವೋಲ್ಟಿಗೆ ತುಂಬಿಸಿದರೆ ಅದರಲ್ಲಿ ಸುಮಾರು 48 ಜೂಲ್ ಶಕ್ತಿ ಕೂತಿರುತ್ತದೆ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಿದ್ದರೂ ಅದು ಒಳಗೆ ಹಾಗೇ ಇರುತ್ತದೆ, ಜೀವ ತೆಗೆಯಲು ಅಷ್ಟು ಸಾಕು. ಸದ್ದಿಲ್ಲ, ವಾಸನೆಯಿಲ್ಲ, ಬೆಳಕಿಲ್ಲ. ಅದಕ್ಕೇ ಪ್ರತಿ ದೊಡ್ಡ ಕೆಪಾಸಿಟರಿಗೂ ಆ ಚಾರ್ಜನ್ನು ನಿಧಾನವಾಗಿ ಬಸಿದು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಇರಲೇಬೇಕು. 47 ಕಿಲೋಓಮಿನ, 3 ವ್ಯಾಟಿನ ಎರಡನ್ನು ಸರಣಿಯಲ್ಲಿ ಹಾಕು. ಎರಡು ಯಾಕೆ ಅಂದರೆ, ರೆಸಿಸ್ಟರಿಗೂ ವೋಲ್ಟೇಜ್ ಮಿತಿ ಇದೆ. ವ್ಯಾಟ್ ಮಾತ್ರ ನೋಡಿ ಆರಿಸುವವರು ಇದನ್ನು ಮರೆಯುತ್ತಾರೆ. ಕಾಲು ವ್ಯಾಟಿನ ಸಾಧಾರಣ ರೆಸಿಸ್ಟರ್ ಹೆಚ್ಚಾಗಿ 250 ವೋಲ್ಟಿಗೇ ಸೀಮಿತ. ಈ ಜೋಡಿ ಇದ್ದರೆ 44 ಸೆಕೆಂಡಿನಲ್ಲಿ ವೋಲ್ಟೇಜ್ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿನ ಮಟ್ಟಕ್ಕೆ ಇಳಿಯುತ್ತದೆ. ಪೂರ್ತಿ ಇಳಿಯಲು ನಾಲ್ಕು ನಿಮಿಷದ ಹತ್ತಿರ ಬೇಕು.

ಆದರೆ ಬ್ಲೀಡರನ್ನು ನಂಬಿ ಕೈ ಹಾಕಬೇಡ. ಬೆಸುಗೆ ಬಿಟ್ಟಿರಬಹುದು, ಸುಟ್ಟಿರಬಹುದು. ಮೀಟರ್ ಹಿಡಿದು ನೋಡು. ವೋಲ್ಟೇಜ್ ಉಳಿದಿದ್ದರೆ ಹಿಡಿಯಿರುವ 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರಿನಿಂದ ಇಳಿಸು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಬೇಡ. ಅದು ಕೆಪಾಸಿಟರಿಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು. ಇಳಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡು. ದೊಡ್ಡ ಕೆಪಾಸಿಟರ್‌ಗಳಲ್ಲಿ ಸೊನ್ನೆ ಮಾಡಿದ ಮೇಲೂ ವೋಲ್ಟೇಜ್ ತಾನಾಗಿ ಒಂದಷ್ಟು ಮರಳಿ ಬರುತ್ತದೆ. ಕೆಪಾಸಿಟರ್ ಒಳಗಿನ ಇನ್ಸುಲೇಟರ್ ಪದರ (ಡೈಎಲೆಕ್ಟ್ರಿಕ್) ಹೀರಿಕೊಂಡಿದ್ದ ಚಾರ್ಜ್ ನಿಧಾನವಾಗಿ ಹೊರಬರುವುದೇ ಕಾರಣ.

ಬಯಾಸ್ ಸಪ್ಲೈ ಬೇರೆ ಥರ. 580 ವೋಲ್ಟನ್ನು ಸುಮಾರು 5 ಮೆಗಾಓಮ್ ರೆಸಿಸ್ಟರ್ ಮೂಲಕ ಪೊರೆಗೆ ಕಳಿಸುತ್ತೇವೆ. ಹೆಡ್‌ಫೋನಿನೊಳಗೆ ಶಾರ್ಟ್ ಆದರೂ 0.12 ಮಿಲಿಆಂಪಿಗಿಂತ ಜಾಸ್ತಿ ಹರಿಯುವುದಿಲ್ಲ. ಇಲ್ಲೊಂದು ಮೋಸ ಇದೆ. ಸಾಕೆಟ್ಟಿನ ಬಯಾಸ್ ಪಿನ್ನಿಗೆ ಮೀಟರ್ ಇಟ್ಟರೆ 580 ಕಾಣುವುದಿಲ್ಲ, 387ರ ಹತ್ತಿರ ತೋರಿಸುತ್ತದೆ. ಮಾಮೂಲಿ ಮೀಟರಿನ ಒಳ ರೆಸಿಸ್ಟೆನ್ಸ್ 10 ಮೆಗಾಓಮ್. ಅದೂ ಆ 5 ಮೆಗಾಓಮೂ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಕಮ್ಮಿ ಬಂತು ಅಂತ ವೋಲ್ಟೇಜ್ ಹೊಂದಿಸುವ ಪ್ರೀಸೆಟ್ ತಿರುಗಿಸಿ ಏರಿಸುತ್ತಾ ಹೋದರೆ ಪೊರೆಯ ಮೇಲೆ 870 ವೋಲ್ಟ್ ಕೂತುಬಿಡಬಹುದು. ಯಾವಾಗಲೂ ಆ ರೆಸಿಸ್ಟರಿನ ಸಪ್ಲೈ ಕಡೆಯ ತುದಿಯಲ್ಲಿ ಅಳೆ. ಬೋರ್ಡಿನ ಆ ಭಾಗದಲ್ಲಿ ಬೆಸುಗೆಯ ಫ್ಲಕ್ಸ್ ಅಂಟನ್ನು ಸ್ವಚ್ಛವಾಗಿ ತೊಳೆದಿರಬೇಕು. ಮೆಗಾಓಮುಗಳ ಲೋಕದಲ್ಲಿ ಕೊಳೆ, ಬೆವರಿನ ಬೆರಳಚ್ಚು, ತೇವದ ಧೂಳು ಎಲ್ಲವೂ ರೆಸಿಸ್ಟರೇ.

ಪವರ್ ಸಪ್ಲೈ ಕಟ್ಟಿದ ಮೇಲೆ ತಕ್ಷಣ ಆಂಪ್ ಬೋರ್ಡಿಗೆ ಸೇರಿಸಬೇಡ. ಮೊದಲ ಸಲ ಕರೆಂಟು ಕೊಡುವಾಗ ಹಳೆಯ ಥರದ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕು. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಎಲ್ಲಾ ಸರಿ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸು. ಆಮೇಲೆ ಬಲ್ಬ್ ತೆಗೆದು, ಪ್ರತಿ ಸಾಲಿಗೂ 6.8 ಕಿಲೋಓಮ್, 50 ವ್ಯಾಟ್ ರೆಸಿಸ್ಟರನ್ನು ಹೀಟ್‌ಸಿಂಕಿಗೆ ಬಿಗಿದು ಲೋಡಾಗಿ ಕೊಡು. 400 ವೋಲ್ಟಿಗೆ 59 ಮಿಲಿಆಂಪ್ ಹರಿಯುತ್ತದೆ, ನಿನ್ನ ನಾಲ್ಕು ಹಂತಗಳು ಕೇಳುವುದೂ ಹೆಚ್ಚುಕಮ್ಮಿ ಅಷ್ಟೇ. ಹೀಗೆ ಕೆಲವು ಗಂಟೆ ಬಿಟ್ಟು, ವೋಲ್ಟೇಜ್ ಅಲ್ಲಾಡುತ್ತದೆಯೇ, ಏನು ಬಿಸಿಯಾಗುತ್ತದೆ ಅಂತ ನೋಡು. ಇದರಲ್ಲಿ ಗೆದ್ದ ಸಪ್ಲೈ ಮಾತ್ರ ನಿನ್ನ ಟ್ರಾನ್ಸಿಸ್ಟರ್‌ಗಳಿಗೆ ಯೋಗ್ಯ. ಕೆಟ್ಟ ಸಪ್ಲೈ ಒಂದೇ ಕ್ಷಣದಲ್ಲಿ ಎಲ್ಲವನ್ನೂ ಸುಡುತ್ತದೆ, ಅವುಗಳಲ್ಲಿ ಕೆಲವು ಈಗ ತಯಾರಾಗುವುದೇ ಇಲ್ಲ.

ಅಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕರೆಂಟು ಆರಿಸಿ, ಮೀಟರಿನ ಕ್ಲಿಪ್ ಸಿಕ್ಕಿಸಿ, ಕೈ ತೆಗೆದು, ಆಮೇಲೆ ಆನ್ ಮಾಡು. ಮೀಟರೂ ಅದರ ತಂತಿಗಳೂ 1000 ವೋಲ್ಟ್ ತಡೆಯುವಂಥವಿರಲಿ. ಆನ್ ಇರುವಾಗ ಏನನ್ನಾದರೂ ಮುಟ್ಟಲೇಬೇಕಾದರೆ ಒಂದು ಕೈ ಜೇಬಿನಲ್ಲಿರಲಿ, ಇನ್ನೊಬ್ಬರು ಅದೇ ಕೋಣೆಯಲ್ಲಿರಲಿ. ಸುಸ್ತಾದ ರಾತ್ರಿ ಮುಚ್ಚಳ ತೆಗೆಯುವುದೇ ಬೇಡ.

ಪೆಟ್ಟಿಗೆ ಲೋಹದ್ದೇ ಆಗಿರಲಿ, ಅರ್ಥ್ ತಂತಿ ನೇರವಾಗಿ ಅದಕ್ಕೆ ಬೋಲ್ಟ್ ಆಗಿರಲಿ. ಗುಂಯ್ ಸದ್ದು ಬಂತು ಅಂತ ಅರ್ಥ್ ಬಿಚ್ಚುವವರಿದ್ದಾರೆ. ನೀನು ಬಿಚ್ಚಬಾರದು, ಯಾರು ಹೇಳಿದರೂ. ಸದ್ದು ಬರುವುದು ಗ್ರೌಂಡ್ ತಂತಿಗಳ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಗಳ) ಸುತ್ತಿನಿಂದ ಅಥವಾ ಟ್ರಾನ್ಸ್‌ಫಾರ್ಮರ್ ಹತ್ತಿರ ಇರುವುದರಿಂದ. ಅದನ್ನು ತಂತಿ ಸರಿಸಿ, ಗ್ರೌಂಡನ್ನು ಒಂದೇ ಬಿಂದುವಿಗೆ ತಂದು ಸರಿಮಾಡು. ಬೇಕಾದರೆ ಸಪ್ಲೈಯನ್ನು ಬೇರೆ ಪೆಟ್ಟಿಗೆಗೆ ಹಾಕು. ಆಗ ನಡುವಿನ ಕೇಬಲ್ ಮತ್ತು ಕನೆಕ್ಟರ್ ಎರಡೂ ಆ ವೋಲ್ಟೇಜಿಗೆ ಮಾಡಿದ್ದಾಗಿರಬೇಕು. ಸಪ್ಲೈ ಕಡೆಗೆ ತೂತಿನ ಸಾಕೆಟ್ಟೇ ಇರಲಿ, ಬೆತ್ತಲೆ ಪಿನ್ ಬೇಡ.

ಆಂಪ್ ಬೋರ್ಡ್ ಬಗ್ಗೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎರಡೇ ಮಾತು. ಆಫ್‌ಸೆಟ್, ಅಂದರೆ ಹಾಡಿಲ್ಲದಾಗಲೂ ಔಟ್‌ಪುಟ್ಟಿನಲ್ಲಿ ಉಳಿಯುವ ವೋಲ್ಟೇಜ್, ಹೊಂದಿಸುವ ಮೊದಲು ಅರ್ಧ ಗಂಟೆ ಬಿಸಿಯಾಗಲು ಬಿಡು. ತಣ್ಣಗಿದ್ದಾಗ ಸೊನ್ನೆ ಮಾಡಿದ್ದು ಬಿಸಿಯಾದ ಮೇಲೆ ಸೊನ್ನೆ ಉಳಿಯುವುದಿಲ್ಲ. ಎರಡು ಔಟ್‌ಪುಟ್‌ಗಳ ನಡುವೆಯೂ ಅಳೆ, ಪ್ರತಿಯೊಂದರಿಂದ ಗ್ರೌಂಡಿಗೂ ಅಳೆ. ಮತ್ತೆ, ಪ್ರತಿ ಔಟ್‌ಪುಟ್ಟಿನಲ್ಲೂ ಸುಮಾರು 5 ಕಿಲೋಓಮಿನ ರೆಸಿಸ್ಟರ್ ಇರುತ್ತದೆ. ದನಿಗೆ ಅಡ್ಡಿ ಅಂತ ಅದನ್ನು ತೆಗೆಯಬೇಡ. ಅದಿದ್ದರೂ 400 ವೋಲ್ಟಿನಿಂದ 80 ಮಿಲಿಆಂಪ್ ಹರಿಯಬಲ್ಲದು, ಅದೂ ಅಪಾಯವೇ. ಹಾಗಾಗಿ ಕೇಬಲ್ಲಿನ ಹೊದಿಕೆ ಎಲ್ಲಾದರೂ ಸವೆದಿದೆಯೇ ಅಂತ ಬೆರಳಾಡಿಸಿ ನೋಡುವುದು ನಿನ್ನದೇ ಕೆಲಸ, ಪ್ಲಗ್ ಕಿತ್ತಿರುವಾಗ. ಆ ಕೇಬಲ್ ಹೋಗಿ ಸೇರುವುದು ನಿನ್ನ ತಲೆಗೆ.

ಟ್ರಾನ್ಸ್‌ಫಾರ್ಮರ್ ಆರ್ಡರ್ ಮಾಡುವ ಮುಂಚೆ ಸೆಕೆಂಡರಿ ವೋಲ್ಟೇಜು, ಕೆಪಾಸಿಟರ್, ಬ್ಲೀಡರ್ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಕಳಿಸು. ನಾನೂ ಬೇರೆಯಾಗಿ ಲೆಕ್ಕ ಹಾಕಿಡುತ್ತೇನೆ. ಎರಡೂ ತಾಳೆಯಾದ ಮೇಲೆ ಆರ್ಡರ್ ಮಾಡು. ಬಲ್ಬ್ ಹಾಕಿ ಮೊದಲ ಸಲ ಆನ್ ಮಾಡುವ ದಿನ ನಾನೂ ಬರುತ್ತೇನೆ.

ಪ್ರೀತಿಯಿಂದ,
ಅಮ್ಮ