ಬೇಕಲಕ್ಕೆ ಬರುವಾಗ ಮ್ಯಾಗ್ನಿಫೈಯರ್ ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಬೇಕಲ ಕೋಟೆ ಬಾಗಿಲ ಹತ್ತಿರ ಸೇರೋಣ. ರೇಂಜ್‌ಫೈಂಡರ್ ಕ್ಯಾಮೆರಾದವರು (ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವಂಥದ್ದು) ಫೈಂಡರಿಗೆ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಗೆ, ಹಾಕುವ ಮ್ಯಾಗ್ನಿಫೈಯರ್ ಇದ್ದರೆ ಮರೆಯದೆ ತನ್ನಿ. ನನ್ನದು ನೋಟವನ್ನು 1.25 ಪಟ್ಟು ಹಿಗ್ಗಿಸುವಂಥದ್ದು. ಯಾರ ಹತ್ತಿರವಾದರೂ 1.4 ಇದ್ದರೆ ಎರಡನ್ನೂ ಹಾಕಿ ನೋಡಬಹುದು.

ಲೈಕಾ ಎಂ6 ಕ್ಯಾಮೆರಾದ ಮಾಮೂಲಿ ಫೈಂಡರ್ ನೋಟವನ್ನು 0.72 ಪಟ್ಟಿಗೆ ಕುಗ್ಗಿಸಿ ತೋರಿಸುತ್ತದೆ. 1.25 ತಿರುಗಿಸಿ ಕೂರಿಸಿದರೆ ಅದು 0.9 ಆಗುತ್ತದೆ. 1.4 ಹಾಕಿದರೆ ಹೆಚ್ಚುಕಮ್ಮಿ ಬರಿಗಣ್ಣಿನ ನೋಟವೇ. ನಡುವಿನ ಜೋಡಿ ಬಿಂಬ ದೊಡ್ಡದಾಗುವುದರಿಂದ ದೂರದ್ದನ್ನು ಹತ್ತಿರ ತರುವ 75, 90 ಮಿ.ಮೀ. ಲೆನ್ಸಿಗೆ ಫೋಕಸ್ ಸುಲಭ. ಮೊನ್ನೆ ಮಧೂರಿನ ಹತ್ತಿರ ಯಕ್ಷಗಾನದ ಆಟದ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) 90ರ ಲೆನ್ಸಿನ ಕಿಂಡಿಯನ್ನು ಎಫ್ 2ಕ್ಕೆ ಅಗಲವಾಗಿ ತೆರೆದು ಫೋಟೊ ತೆಗೆದೆ. ವೇಷದವರು ಹುಬ್ಬಿನ ಪಕ್ಕ ಎಳೆಯುತ್ತಿದ್ದ ಬಿಳಿ ಗೆರೆ ಎರಡಾಗಿ ಕಾಣುತ್ತಿತ್ತು. ರಿಂಗ್ ಒಂಚೂರು ತಿರುಗಿಸಿದೆ, ಒಂದಾಯಿತು. ಮೊದಲೆಲ್ಲ ಅಲ್ಲಿ ಊಹೆಯೇ ಗತಿ.

ಅಗಲ ನೋಟದ 35, 28 ಲೆನ್ಸಿನವರು ಸುಮ್ನೆ ಹಾಕಬೇಡಿ, ಚೌಕಟ್ಟಿನ ಅಂಚು ಕಣ್ಣಿಗೆ ಸಿಗುವುದಿಲ್ಲ. ಕನ್ನಡಕದವರಿಗೆ 1.4ರಲ್ಲಿ 50ರ ಅಂಚೂ ಕಷ್ಟವೇ. ನೋಟ ಸ್ವಲ್ಪ ಮಬ್ಬಾಗುತ್ತದೆ, ಅದು ಇದ್ದದ್ದೇ.

ಇನ್ನೊಂದು. ಕ್ಯಾಮೆರಾದೊಳಗಿನ ದೂರ ಅಳೆಯುವ ರೇಂಜ್‌ಫೈಂಡರೇ ತಪ್ಪಿದ್ದರೆ ಇದರಿಂದ ಸರಿಯಾಗುವುದಿಲ್ಲ. ತಪ್ಪು ದೂರಕ್ಕೇ ಇನ್ನೂ ಕರಾರುವಾಕ್ಕಾಗಿ ಫೋಕಸ್ ಮಾಡುತ್ತೀರಿ, ಅಷ್ಟೇ! ಅಲ್ಲಿ ಬುರುಜಿನ ಮೇಲಿಂದ ಪರೀಕ್ಷೆ ಮಾಡೋಣ. ಲೆನ್ಸನ್ನು ಅನಂತಕ್ಕಿಟ್ಟು ದೂರದ ದೋಣಿಯ ಕಂಬ ನೋಡಿ, ಎರಡು ಬಿಂಬ ಕೂಡಬೇಕು. ಕಡಲಿನ ಅಂಚಿನ ಗೆರೆ ನೋಡಿದರೆ ಆಗುವುದಿಲ್ಲ, ಬಿಂಬ ಸರಿಯುವುದು ಅಡ್ಡಕ್ಕಲ್ವಾ.

ಮ್ಯಾಗ್ನಿಫೈಯರಿನ ಚೈನನ್ನು ಕ್ಯಾಮೆರಾ ಪಟ್ಟಿಗೆ ಸಿಕ್ಕಿಸಿಯೇ ಬನ್ನಿ. ಮುರಕಲ್ಲಿನ ಸಂದಿಗೆ ಬಿದ್ದರೆ ಹುಡುಕುವ ಕೆಲಸ ನನ್ನದಲ್ಲ.