ಮಗಳಿಗೊಂದು ಪತ್ರ: ರುದ್ರನಿಗೆ ಸಿಡಿಲು ಬೇಡ

ಗಂಗಾವತಿ,
ಭಾನುವಾರ ರಾತ್ರಿ

ನನ್ನವ್ವಾ,

ನಿನ್ನ ಕಥೆ ಓದಿ ಮುಗಿಸಿದೆ. ಫೋನಿನಲ್ಲಿ ಓದಿದರೆ ಕಣ್ಣು ಉರಿಯುತ್ತದೆ ಅಂತ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೆ. 31 ಹಾಳೆ. ಅರ್ಧ ಮಿಲ್ಲಿನಲ್ಲಿ ಊಟದ ಹೊತ್ತಿಗೆ, ಅರ್ಧ ಮನೆಯಲ್ಲಿ. ನಿಮ್ಮವ್ವ ಲೈಟ್ ಆರಿಸು ಅಂದರೂ ಬಿಡಲಿಲ್ಲ.

ರುದ್ರ, ಭದ್ರ ಇಬ್ಬರೂ ನನಗೆ ಬಹಳ ಹಿಡಿಸಿದರು. ಒಂದೇ ಅಚ್ಚಿನ ಎರಡು ಆಂಡ್ರಾಯ್ಡ್ ಏಜೆಂಟುಗಳು, ಮನುಷ್ಯರ ಹಾಗೇ ಕಾಣುವ ಯಂತ್ರಗಳು. ನೂರು ಆಳಿನ ಬಲ, ಕತ್ತಲಲ್ಲೂ ಕಾಣುವ ಕಣ್ಣು, ಹರಿದಾರಿ ದೂರದ ಪಿಸುಮಾತು ಕೇಳುವ ಕಿವಿ. ಅವರನ್ನು ತಂದು ನಮ್ಮ ತುಂಗಭದ್ರಾ ಡ್ಯಾಮಿನ ಮೇಲೆ, 2024ರ ಆಗಸ್ಟ್ 10ರ ರಾತ್ರಿಯಲ್ಲಿ ನಿಲ್ಲಿಸಿದ್ದೀಯಲ್ಲ, ಅಲ್ಲಿ ಮೈ ಜುಮ್ಮೆಂದಿತು. 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದ ರಾತ್ರಿ. ಮರುದಿನ ಮಿಲ್ಲಿಗೆ ಬಂದ ರೈತರ ಮುಖ ನಾನಿನ್ನೂ ಮರೆತಿಲ್ಲ. ಗದ್ದೆಯಲ್ಲಿ ನಾಟಿ, ಡ್ಯಾಮಿನಿಂದ ನೀರು ಓಡಿ ಹೋಗುತ್ತಿದೆ. ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರೂ ಕೆಲಸಗಾರರೂ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸಿ ಕೂಡಿಸುವ ತನಕ, ಹೆಚ್ಚುಕಮ್ಮಿ ಒಂದು ವಾರ, ನಮ್ಮ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ.

ನಿನ್ನ ಕಥೆಯಲ್ಲಿ ಭದ್ರ ಕಬ್ಬಿಣದ ಹಲಗೆಗೆ ಬೆನ್ನು ಕೊಟ್ಟು ನೀರಿಗೆ ಅಡ್ಡ ನಿಲ್ಲುತ್ತಾನೆ. ರುದ್ರ ಮಾತ್ರ ನಡುವೆ ಕೆಲಸ ಬಿಟ್ಟು 18ನೇ ಗೇಟಿನ ಚೈನಿಗೆ ಕಿವಿ ಹಚ್ಚುತ್ತಾನೆ. ಆಮೇಲೆ 20ರದಕ್ಕೆ. "ಎರಡೂ ಬೇರೆ ಬೇರೆ ಅಳುತ್ತಿವೆ" ಅನ್ನುತ್ತಾನೆ. ಹಾಗನ್ನು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಆ ಸಾಲನ್ನು ನಿಮ್ಮವ್ವನಿಗೂ ಓದಿ ಹೇಳಿದೆ.

ಆದರೆ ಮುಂದಿನ ಹಾಳೆಯಲ್ಲೇ ಬೇಸರವಾಯಿತು. ರುದ್ರನಿಗೆ ಹಿಂದೊಮ್ಮೆ ಸಿಡಿಲು ಬಡಿದಿತ್ತು, ಚಿಪ್ ಸುಟ್ಟಿತ್ತು, ಅದಕ್ಕೇ ಹೀಗಾದ ಅಂತ ಬರೆದಿದ್ದೀಯ. ಬೇಡವ್ವಾ. ಸಿಡಿಲು ತೆಗೆದುಬಿಡು.

ನಮ್ಮ ಅಕ್ಕಿ ಮಿಲ್ಲಿನ ಎರಡು ಶೆಲ್ಲರ್, ಹೊಟ್ಟು ಬಿಡಿಸುವ ಮಷೀನು, ಗೊತ್ತಲ್ಲ. ಒಂದೇ ಕಂಪನಿಯವು, ಒಂದೇ ಲಾರಿಯಲ್ಲಿ ಬಂದವು, ಎರಡನ್ನೂ ಕೂಡಿಸಿದವನು ನಾನೇ. ಒಳಗೆ ಎರಡು ರಬ್ಬರ್ ರೋಲ್ ಎದುರುಬದುರು ತಿರುಗುತ್ತವೆ. ಒಂದು ಜೋರು, ಒಂದು ನಿಧಾನ. ಆ ವೇಗದ ವ್ಯತ್ಯಾಸಕ್ಕೇ ಭತ್ತದ ಹೊಟ್ಟು ಬಿಚ್ಚಿಕೊಳ್ಳುತ್ತದೆ. ಜೋರು ತಿರುಗುವ ರೋಲ್ ಬೇಗ ಸವೆಯುತ್ತದೆ, ಹಾಗಾಗಿ ನಡುವೆ ಎರಡನ್ನೂ ಅದಲು ಬದಲು ಮಾಡುತ್ತೇವೆ. ಇಷ್ಟು ಎರಡಕ್ಕೂ ಸಮ. ಆದರೆ ಬಾಗಿಲ ಕಡೆಯ ಒಂದನೇ ನಂಬರು ಇಷ್ಟು ವರ್ಷ ಮಳೆಗಾಲದ ತಂಪು ಗಾಳಿ ಕುಡಿದಿದೆ. ಅದರ ಫೌಂಡೇಶನ್ ಒಂದು ಕೂದಲೆಳೆಯಷ್ಟು ಕುಸಿದಿದೆ. ಹಸಿ ಭತ್ತ ಬಂದರೆ ಗೊಣಗುತ್ತದೆ, ನುಚ್ಚು ಜಾಸ್ತಿ ಬೀಳುತ್ತದೆ. ಒಳಗಿನದು ಅದೇ ಭತ್ತವನ್ನು ಸುಮ್ನೆ ತಿನ್ನುತ್ತದೆ, ಆದರೆ ನಿಲ್ಲಿಸಿ ಚಾಲು ಮಾಡಿದರೆ ಬೆಲ್ಟ್ ಜಾರಿಸುತ್ತದೆ. ಹಮಾಲರು ಒಂದನೇ ನಂಬರಿಗೆ ಅತ್ತಿ, ಒಳಗಿನದಕ್ಕೆ ಸೊಸಿ ಅಂತ ಹೆಸರಿಟ್ಟಿದ್ದಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಮೇಲೆ ಇಟ್ಟು, ಹಿಡಿ ಕಿವಿಗೆ ಹಚ್ಚಿದರೆ, ಅತ್ತಿಯದು ಜೋಳ ಬೀಸುವ ಸದ್ದು, ಸೊಸಿಯದು ಸಣ್ಣ ಶಿಳ್ಳೆ. ಕಣ್ಣು ಮುಚ್ಚಿಕೊಂಡು ಯಾವುದು ಯಾರು ಅಂತ ಹೇಳುತ್ತೇನೆ. ಎರಡಕ್ಕೂ ಸಿಡಿಲು ಬಡಿದಿಲ್ಲ.

ರಜೆಗೆ ಬಂದಾಗ ನೀನೇ ಹೇಳಿದ್ದೆಯಲ್ಲ, ನಾಸಾದವರ ಅವಳಿ ರೋವರುಗಳ ಸುದ್ದಿ, ಸ್ಪಿರಿಟ್ ಮತ್ತು ಆಪರ್ಚುನಿಟಿ. ಅವತ್ತಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ. 2004ರ ಜನವರಿಯಲ್ಲಿ ಮೂರು ವಾರದ ಅಂತರದಲ್ಲಿ ಮಂಗಳನ ಮೇಲೆ ಇಳಿದವು, ಒಂದು ಈ ಮಗ್ಗುಲಿಗೆ, ಒಂದು ಆ ಮಗ್ಗುಲಿಗೆ. 90 ಮಂಗಳ ದಿನ ದುಡಿದರೆ ಸಾಕು ಅಂದುಕೊಂಡಿದ್ದರು. ಆಪರ್ಚುನಿಟಿಯ ಯಂತ್ರತೋಳಿನ ಭುಜದ ಹೀಟರ್ ಆರಿಸಲು ಬರಲಿಲ್ಲ. ಬ್ಯಾಟರಿ ಉಳಿಸಲು ರಾತ್ರಿ ಅದನ್ನು ಪೂರ್ತಿ ಮಲಗಿಸುತ್ತಿದ್ದರು. ಹಾಗೇ 45 ಕಿಲೋಮೀಟರಿಗೂ ಜಾಸ್ತಿ ನಡೆದು, 2018ರ ಜೂನ್ ತನಕ ಮಾತಾಡಿತು. ಸ್ಪಿರಿಟ್‌ಗೆ ಕಲ್ಲುನೆಲ ಸಿಕ್ಕಿತು, ಗುಡ್ಡ ಹತ್ತಬೇಕಾಯಿತು. 2006ರಲ್ಲಿ ಮುಂದಿನ ಬಲಗಾಲಿ ನಿಂತುಹೋಯಿತು. ಆಮೇಲೆ ಹಿಮ್ಮುಖವಾಗಿ, ಆ ಗಾಲಿಯನ್ನು ಎಳೆದುಕೊಂಡೇ ನಡೆಯಿತು. 2007ರಲ್ಲಿ ಅದೇ ಗಾಲಿ ನೆಲವನ್ನು ಕುಂಟೆ ಹೊಡೆದ ಹಾಗೆ ಕೆದರಿದಾಗ ಕೆಳಗಿನಿಂದ ಬಿಳಿ ಮಣ್ಣು ಎದ್ದಿತು. ಹೆಚ್ಚಿನದು ಸಿಲಿಕಾ. ಒಂದು ಕಾಲದಲ್ಲಿ ಅಲ್ಲಿ ಬಿಸಿನೀರೋ ಹಬೆಯೋ ಇತ್ತು ಅನ್ನುವ ಸುಳಿವು. ಅದು ಎಂಟು ಕಿಲೋಮೀಟರ್ ಕೂಡ ಪೂರ್ತಿ ನಡೆಯಲಿಲ್ಲ, ಮರಳಿನಲ್ಲಿ ಸಿಕ್ಕು 2010ರಲ್ಲಿ ಮಾತು ನಿಲ್ಲಿಸಿತು. ಆ ಕುಂಟುಗಾಲಿಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ರುದ್ರ ಯಾಕೆ ಹಾಗಾದ ಅನ್ನುವುದಕ್ಕೆ ಕಾರಣ ನಿನ್ನ ಕಥೆಯಲ್ಲೇ ಇದೆ, ನೀನು ಅದನ್ನು ದಾಟಿ ಹೋಗಿದ್ದೀಯ. ನಾಲ್ಕನೇ ಹಾಳೆ ತೆಗೆ. ಭದ್ರನನ್ನು ಬಾಗಿಲು ಒಡೆಯುವ ಕೆಲಸಕ್ಕೆ ಕಳಿಸುತ್ತಾರೆ. ರುದ್ರನನ್ನು ಕೊಪ್ಪಳ ರೈಲ್ವೆ ಸ್ಟೇಷನ್ನಿನಲ್ಲಿ ಮೂರು ತಿಂಗಳು ಕೂಡಿಸುತ್ತಾರೆ, ಒಬ್ಬ ಮನುಷ್ಯನ ದನಿ ಹುಡುಕಲು. ಅವನು ಬರಲೇ ಇಲ್ಲ. ಆದರೆ ಆ ಮೂರು ತಿಂಗಳು ರುದ್ರನ ಕಿವಿಗೆ ಏನೇನು ಬಿತ್ತು? ದುಡಿಯಲು ಬೆಂಗಳೂರಿಗೆ ಹೊರಟವರು ಮಕ್ಕಳಿಗೆ ಹೇಳಿದ ಸುಳ್ಳು, ಮುದುಕಿಯರ ಕೆಮ್ಮು, ರಾತ್ರಿ ಗಾಡಿ ತಪ್ಪಿಸಿಕೊಂಡವರ ಗೊಣಗಾಟ. ಅಷ್ಟು ಕೇಳಿಸಿಕೊಂಡವನು ಚೈನಿಗೆ ಕಿವಿ ಹಚ್ಚದೆ ಇರುತ್ತಾನಾ? ನೀನೇ ಓದುತ್ತಿದ್ದೀಯ, ಒಂದೇ ಪ್ರೋಗ್ರಾಮಿಗೆ ಬೇರೆ ಬೇರೆ ತೋರಿಸಿದರೆ ಅದು ಬೇರೆ ಬೇರೆ ಕಲಿಯುತ್ತದೆ ಅಂತ. ಸ್ಟೇಷನ್ನಿನ ಬಗ್ಗೆ ನೀನು ಬರೆದಿರುವುದು ಬರೀ ಎರಡು ಸಾಲು. ನನಗೆ ಅದು ಹತ್ತು ಹಾಳೆ ಬೇಕು.

ಭದ್ರನನ್ನೂ ದಡ್ಡನನ್ನಾಗಿ ಮಾಡಬೇಡ. ಅಷ್ಟು ಹೊತ್ತು ನೀರಿಗೆ ಬೆನ್ನು ಕೊಟ್ಟವನಿಗೂ ಏನೋ ತಿಳಿದಿರುತ್ತದೆ.

ಕೊನೆಯಲ್ಲಿ ಮೇಲಿನವರು ರುದ್ರನ ನೆನಪು ಅಳಿಸಿ ಭದ್ರನದನ್ನು ತುಂಬುತ್ತಾರೆ, ಇಬ್ಬರೂ ಮತ್ತೆ ಒಂದೇ ಆಗುತ್ತಾರೆ. ಅದನ್ನು ಓದಿ ನಿದ್ದೆ ಬರಲಿಲ್ಲ, ಎದ್ದು ಈ ಪತ್ರ ಬರೆಯಲು ಕೂತೆ. ಬೇಕಾದರೆ ಅಳಿಸಲಿ. ಆದರೆ ಮೈ ಅದೇ ಅಲ್ವಾ? ಅತ್ತಿ ಶೆಲ್ಲರಿಗೆ ನಾನು ಎಷ್ಟೋ ಸಲ ಹೊಸ ರೋಲ್, ಹೊಸ ಬೇರಿಂಗ್ ಹಾಕಿದ್ದೇನೆ. ಒಂದು ವಾರ ಸೊಸಿಯ ಹಾಗೆ ಓಡುತ್ತದೆ. ಆಮೇಲೆ ಮತ್ತೆ ಅದೇ ಬೀಸುಕಲ್ಲಿನ ಸದ್ದು.

ಮುಂದಿನ ಶನಿವಾರ ಬರುವಾಗ ಸ್ಟೇಷನ್ನಿನ ಆ ಹತ್ತು ಹಾಳೆಗಳನ್ನು ಬರೆದು ತಾ. ಸಂಜೆ ಹಮಾಲರು ಹೋದ ಮೇಲೆ ಮಿಲ್ಲಿಗೆ ಹೋಗೋಣ. ಎರಡನ್ನೂ ಚಾಲು ಮಾಡಿ ಸ್ಕ್ರೂಡ್ರೈವರ್ ನಿನ್ನ ಕೈಗೆ ಕೊಡುತ್ತೇನೆ.

ನಿನ್ನ ಅಪ್ಪ